ಔಡಲ ಎಣ್ಣೆ ಹಚ್ಚಿದ ಪಟ್ಟಿ

ಡಾಕ್ಟರ್ ಅರುಣಕುಮಾರ ಅವರಿಗೆ ಊಟಕ್ಕೆ ಕೂತಾಗ ಒಂದು ಚಟವಿತ್ತು. ರೊಟ್ಟಿ ಬರುವುದು ಅರೆಗಳಿಗೆ ತಡವಾದರೂ ಸ್ಟೀಲಿನ ಲೋಟದಿಂದ ತಟ್ಟೆಯ ಅಂಚಿಗೆ ಟಣ್ ಟಣ್ ಎಂದು ಬಾರಿಸುತ್ತಿದ್ದರು. ಕೂಗಾಡಿದವರಲ್ಲ, ಯಾರನ್ನೂ ಬೈದವರಲ್ಲ, ಕಸ ಗುಡಿಸುವವರ ಜೊತೆಗೂ ‘ರೀ’ ಹಚ್ಚದೆ ಮಾತಾಡಿದವರಲ್ಲ. ತಟ್ಟೆ ಬಾರಿಸುತ್ತಿದ್ದರು, ಅಷ್ಟೇ. ಆ ಸಪ್ಪಳಕ್ಕೆ ಮಾಶಾಬಿ ಅಡುಗೆಮನೆಯಿಂದ ರೊಟ್ಟಿ ಬುಟ್ಟಿ ಎತ್ತಿಕೊಂಡು ಓಡಿ ಬರಬೇಕು.

ಜೈನಾಪುರದಾಚೆ, ಊರು ಮುಗಿದು ಕಲ್ಲು ಹುಲ್ಲಿನ ಮಡ್ಡಿ ಶುರುವಾಗುವಲ್ಲಿ, ಯಾರೋ ದ್ರಾಕ್ಷಿ ಒಣಗಿಸಲೆಂದು ಕಟ್ಟಿ ಕೈಬಿಟ್ಟಿದ್ದ ಶೆಡ್ಡಿಗೆ ಗೋಡೆ ಎಬ್ಬಿಸಿ ಮೂರು ಕೋಣೆ ಮಾಡಿದ್ದರು. ಹೊರಗಿನ ಬೋರ್ಡಿನಲ್ಲಿ ‘ಹುಲ್ಲುಗಾವಲು ವನ್ಯಜೀವಿ ಸಂಶೋಧನಾ ಕೇಂದ್ರ’ ಎಂದು ಉದ್ದಕ್ಕೆ ಬರೆದಿತ್ತು. ಊರವರಿಗೆ ಅದು ತೋಳದ ಆಫೀಸು. ಡಾಕ್ಟರು ವಿಜಯಪುರದ ಗಾಂಧಿ ಚೌಕದ ಹಿಂದಿನ ಓಣಿಯವರು, ಅಪ್ಪನದು ಬಟ್ಟೆಯ ಹೋಲ್‌ಸೇಲ್ ಅಂಗಡಿ. ಶನಿವಾರ ಸಂಜೆ ಮನೆಗೆ ಹೋದರೆ ಸೋಮವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿಗಳೊಂದಿಗೆ ತಿರುಗಿ ಬರುತ್ತಿದ್ದರು. ಅವರ ಕೈಕೆಳಗೆ ಜೀಪು ಓಡಿಸಲು, ಹೆಜ್ಜೆ ಹುಡುಕಲು ತಿಕೋಟಾದ ಸಂಗನಬಸವ, ಅಡುಗೆಗೆ ಮಾಶಾಬಿ.

ಅಡುಗೆಗೆ ಎಂದು ಕರೆದದ್ದು ಹೌದು. ಸೇರಿದ ಮೇಲೆ ತಿಳಿಯಿತು, ಅಲ್ಲಿ ಅಡುಗೆ ಅರ್ಧ ದಿನದ ಕೆಲಸ. ಉಳಿದರ್ಧ ದಿನ ಸಂಗನಬಸವ ಡಬ್ಬಿಯಲ್ಲಿ ತುಂಬಿ ತಂದ ತೋಳದ ಹೇಲನ್ನು ನೀರಲ್ಲಿ ನೆನೆಹಾಕಿ, ಸೋಸಿ, ಅದರೊಳಗಿನ ಕೂದಲು ಮೊಲದ್ದೋ ಆಡಿನದ್ದೋ ಎಂದು ಹೇಳಬೇಕು. ಡಾಕ್ಟರು ಭೂತಗನ್ನಡಿಯಲ್ಲಿ ಹತ್ತು ನಿಮಿಷ ನೋಡಿ ಹೇಳುವುದನ್ನು ಅವಳು ಬೆರಳಲ್ಲಿ ತಿಕ್ಕಿ ಹೇಳಿಬಿಡುತ್ತಿದ್ದಳು. ಹುಟ್ಟಿದಾಗಿನಿಂದ ಆಡು ಕಾಯ್ದವಳಿಗೆ ಆಡಿನ ಕೂದಲು ಗೊತ್ತಾಗದೆ ಇನ್ನೇನು? ಮೊದಲ ವಾರ ಮಾತ್ರ ಒಂದು ಎಡವಟ್ಟಾಯಿತು. ಸಂಗನಬಸವ ಅವಳನ್ನು ಕೇಳದೆ ಚಹಾ ಸೋಸುವ ಜಾಳಿಗೆಯನ್ನೇ ಆ ಕೆಲಸಕ್ಕೆ ಎತ್ತಿಕೊಂಡಿದ್ದ.

"ಲೇ ಸಂಗ್ಯಾ, ನಿನ್ನ ಬಾಯಾಗ ಮಣ್ಣ ಹಾಕ! ಎಂಟ ದಿನದಿಂದ ಇದರಾಗ ಚಾ ಸೋಸಿ ನಾನೂ ಕುಡದೇನಿ, ಡಾಕ್ಟರಿಗೂ ಕುಡಿಸೇನಿ."

"ಡಾಕ್ಟರಿಗೆ ಹೇಳಬ್ಯಾಡ ಚಾಚಿ. ಈ ವಾರ ಚಾ ಭಾಳ ಚಲೋ ಆಗೇತಿ ಅಂದಾರ ಅವರು."

ಗ್ಯಾಸ್ ಸಿಲಿಂಡರಿನ ಹಿಂದೆ ಕೊಳಕಮಂಡಲ, ಬೂಟಿನೊಳಗೆ ಚೇಳು, ಮೊಟ್ಟೆಗೆ ಹೊಂಚು ಹಾಕುವ ಉಡ. ಇವೆಲ್ಲ ಆ ಶೆಡ್ಡಿಗೆ ದಿನದ ನೆಂಟರು. ಆದರೂ ಮಾಶಾಬಿಗೆ ಕೆಲಸ ಹಿಡಿಸಿತು. ಹಿಂದೆ ಅವಳು ತಿಕೋಟಾದ ಒಣದ್ರಾಕ್ಷಿ ಶೆಡ್ಡಿನಲ್ಲಿ ಕಾಳು ಆರಿಸುತ್ತ ಗಂಧಕದ ಹೊಗೆಗೆ ಕಣ್ಣು ಕೆಡಿಸಿಕೊಂಡವಳು. ಇಲ್ಲಿ ಗಾಳಿಯಿತ್ತು, ಬೆಳಕಿತ್ತು. ಗಂಡ ಸತ್ತು, ಮಗಳು ಮಿನಾಜ ಗಂಡನ ಮನೆ ಸೇರಿದ ಮೇಲೆ ಅವಳನ್ನು ಯಾರಾದರೂ ಒಂದು ಮಾತು ಕೇಳಿದ್ದು, ಕೇಳಿ ನಂಬಿದ್ದು ಇಲ್ಲಿಯೇ ಮೊದಲು. ಐವತ್ತೆರಡರ ಹೆಂಗಸಿಗೆ ಅದು ಸಣ್ಣ ಸುಖವಲ್ಲ.

ಅವಳು ಸೇರಿದ ಎರಡನೆಯ ಶ್ರಾವಣದಲ್ಲಿ ಹೊರದೇಶದಿಂದ ಒಂದು ಪೆಟ್ಟಿಗೆ ಬಂತು. ಒಳಗೆ ತೋಳದ ಕೊರಳಿಗೆ ಕಟ್ಟುವ ಪಟ್ಟಿ. ಅದಕ್ಕೊಂದು ಸಣ್ಣ ಡಬ್ಬಿ ಅಂಟಿಕೊಂಡಿತ್ತು. ತೋಳ ಎಲ್ಲಿದೆ ಎಂಬುದನ್ನು ಆ ಡಬ್ಬಿ ದಿನಕ್ಕೆ ಆರು ಸಲ ಆಕಾಶಕ್ಕೆ ಹೇಳುತ್ತದಂತೆ, ಆಕಾಶ ಡಾಕ್ಟರ ಲ್ಯಾಪ್‌ಟಾಪಿಗೆ ಹೇಳುತ್ತದಂತೆ. ಪಟ್ಟಿ ದಪ್ಪ ಚರ್ಮದಂಥದ್ದು. ನಡುವೆ ಒಂದು ಕಡೆ ಮಾತ್ರ ನಾಲ್ಕು ಬೆರಳಗಲ ಹತ್ತಿಯ ತುಂಡು ಸೇರಿಸಿ ಹೊಲಿದಿದ್ದರು. ಮೇಜು ಒರೆಸುವಾಗ ಮಾಶಾಬಿ ಅದನ್ನು ಮುಟ್ಟಿ ನೋಡಿದಳು. ಬಿರುಸಾಗಿತ್ತು, ಅಂಚಿನ ಹೊಲಿಗೆ ಚುಚ್ಚುತ್ತಿತ್ತು.

ಹೊಸ ಹಗ್ಗವನ್ನು ಹಾಗೆಯೇ ಎಳೆಗರುವಿನ ಕೊರಳಿಗೆ ಬಿಗಿಯುವ ಮನೆತನವಲ್ಲ ಅವಳದು. ಅವಳಪ್ಪ ಹೊಸ ಕೊರಳಹಗ್ಗಕ್ಕೆ ಮೂರು ಸಂಜೆ ಔಡಲ ಎಣ್ಣೆ ಉಣಿಸದೆ ಕರುವಿಗೂ ಕಟ್ಟಿದವನಲ್ಲ, ಆಡಿಗೂ ಕಟ್ಟಿದವನಲ್ಲ. ಎಣ್ಣೆ ಕುಡಿದ ಹಗ್ಗ ಕೊರಳು ತಿನ್ನುವುದಿಲ್ಲ. ಮೂರು ಮಳೆಗಾಲ ತೊಯ್ದರೂ ಕೊಳೆಯುವುದಿಲ್ಲ. ಮಾಶಾಬಿ ಒಲೆ ಆರಿಸಿದ ಮೇಲೆ ಮೂರು ಸಂಜೆ ಕೂತು, ಎಣ್ಣೆಯಲ್ಲಿ ಒಂದಿಷ್ಟು ಜೇನುಮೇಣ ಕರಗಿಸಿ, ಹತ್ತಿ ಮೆತ್ತಗಾಗುವ ತನಕ ತಿಕ್ಕಿದಳು. ಯಾರನ್ನೂ ಕೇಳಲಿಲ್ಲ. ಇದು ಕೇಳಿ ಮಾಡುವ ವಿಷಯ ಎಂದು ಅವಳಿಗೆ ಅನಿಸಲೇ ಇಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಬೋನಿಗೆ ತೋಳ ಬಿತ್ತು. ಕಾಲು ಕಚ್ಚುವ ಹಲ್ಲಿಗೆ ರಬ್ಬರ್ ಸುತ್ತಿದ ಬೋನು, ಕಾಲು ಮುರಿಯುವುದಿಲ್ಲ, ಹಿಡಿಯುತ್ತದೆ ಅಷ್ಟೇ. ಡಾಕ್ಟರಿಗೆ ಬೇಕಾದದ್ದು ದೊಡ್ಡ ಹೆಣ್ಣು. ಬಿದ್ದದ್ದು ಅದರ ಮರಿ, ಏಳು ತಿಂಗಳದ್ದು, ಕಿವಿ ಮಾತ್ರ ದೊಡ್ಡವು.

"ಇದು ಭಾಳ ಸಣ್ಣದೈತ್ರಿ ಸರ," ಎಂದ ಸಂಗನಬಸವ.

"ಸಣ್ಣದು ದೊಡ್ಡದಾಗ್ತದ್ರಿ," ಎಂದರು ಡಾಕ್ಟರು ಮದ್ದಿನ ಸೂಜಿ ತುಂಬುತ್ತ. "ಈ ವರ್ಷದ ವರದಿಗೆ ನನಗೊಂದು ಪ್ರಾಣಿ ಬೇಕ ಬೇಕು. ಮಾಶಾಬಿ, ಪಟ್ಟಿ ನೀವ ಕಟ್ರಿ. ನಿಮ್ಮ ಕೈಗೆ ರೂಢಿ ಅದ. ಎರಡ ಬೆರಳ ಹೋಗೋಷ್ಟ ಸಡಿಲ ಬಿಡ್ರಿ. ಹೆಚ್ಚಾದ್ರ ಮುಂಗಾಲ ಸಿಗಿಸ್ಕೊಳ್ತದ."

ಮರಿ ಕಣ್ಣು ಬಿಟ್ಟೇ ಮಲಗಿತ್ತು. ಕಣ್ಣಿನ ಮೇಲೆ ಒದ್ದೆ ಬಟ್ಟೆ ಹಾಕಿ ಮಾಶಾಬಿ ಅದರ ಕೊರಳು ಹಿಡಿದಳು. ಜ್ವರ ಬಂದ ಕೂಸಿನಂತೆ ಬಿಸಿ. ಬೆರಳ ಕೆಳಗೆ ನರ ಟಕಟಕ ಹೊಡೆದುಕೊಳ್ಳುತ್ತಿತ್ತು. ಎರಡು ಬೆರಳು ಅಳತೆ ಹಿಡಿದು ಬಿಗಿದಳು. ಡಾಕ್ಟರು ಅದಕ್ಕೆ ‘ಏಳನೇ ನಂಬರ್’ ಎಂದು ಹೆಸರಿಟ್ಟರು. ಅವಳು ಸಣ್ಣಾಕಿ ಎಂದಳು. ತಾನೇ ಮೆತ್ತಗೆ ಮಾಡಿದ ಪಟ್ಟಿ ಹಾಕಿಕೊಂಡು ಸಣ್ಣಾಕಿ ಎದ್ದು, ತೂರಾಡಿ, ಹುಲ್ಲಿನೊಳಗೆ ಹೋದದ್ದನ್ನು ನೋಡಿ ಮಾಶಾಬಿಗೆ ಹೆಮ್ಮೆಯಾಯಿತು. ಹೌದು, ಹೆಮ್ಮೆಯೇ. ಆ ಹೆಮ್ಮೆಯನ್ನು ಅವಳು ಮುಂದೆ ಎಷ್ಟು ಸಲ ನೆನೆದು ತನ್ನನ್ನೇ ಶಪಿಸಿಕೊಂಡಳೋ ಲೆಕ್ಕವಿಲ್ಲ.

ಚಳಿಗಾಲ ಕಳೆಯಿತು, ಬೇಸಿಗೆ ಬಂತು. ಮಡ್ಡಿಯಲ್ಲಿ ಅಲ್ಲಲ್ಲಿ ಗಿಡಕ್ಕೆ ಕಟ್ಟಿದ ಕ್ಯಾಮೆರಾಗಳು ಮುಂದೆ ಹಾದವರ ಫೋಟೋ ತಾವೇ ತೆಗೆಯುತ್ತಿದ್ದವು. ಒಂದು ಮಧ್ಯಾಹ್ನ ಸಂಗನಬಸವ ಅಡುಗೆಮನೆಗೆ ಬಂದು ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದ. ಸಣ್ಣಾಕಿ ಬೆಳೆದಿದ್ದಳು. ಮೈ ಉದ್ದವಾಗಿತ್ತು, ಎದೆ ಅಗಲವಾಗಿತ್ತು. ಕೊರಳು ಮಾತ್ರ ಎರಡು ಭಾಗವಾದಂತಿತ್ತು. ಪಟ್ಟಿಯ ಮೇಲೂ ಕೆಳಗೂ ಕೂದಲು ಉದುರಿ ಕೆಂಪು ತೊಗಲು ಉಬ್ಬಿ ನಿಂತಿತ್ತು.

"ಇದು ಬೀಳಬೇಕಾಗಿತ್ತ ಚಾಚಿ," ಎಂದ ಅವನು. "ಪಟ್ಟ್ಯಾಗ ಒಂದ ಹತ್ತಿ ತುಂಡ ಇರ್ತೈತಿ ನೋಡ. ಅದು ಮಳ್ಯಾಗ ತೊಯ್ದು ತೊಯ್ದು ಕೊಳೀಬೇಕು, ಕೊಳತು ಹರದು ಪಟ್ಟಿ ತಾನ ಕಳಚಿ ಬೀಳಬೇಕು. ದೀಪಾವಳಿಗೇ ಬೀಳತೈತಿ ಅಂದಿದ್ರ ಡಾಕ್ಟರು. ಯಾಕ ಬೀಳವಲ್ದೋ ಏನೋ."

ಮಾಶಾಬಿಯ ಕೈಯೊಳಗಿನ ಹಿಟ್ಟು ಕೈಯಲ್ಲೇ ಉಳಿಯಿತು. ಹೆಂಚಿನ ಮೇಲಿನ ರೊಟ್ಟಿ ಕರಕಾಗುವ ತನಕ ಅವಳು ನಿಂತೇ ಇದ್ದಳು.

ಮುಚ್ಚಿಡುವ ಸ್ವಭಾವದವಳಾಗಿದ್ದರೆ ಮುಚ್ಚಿಡಬಹುದಿತ್ತು. ಅವಳು ಕೈ ತೊಳೆದುಕೊಂಡು ನೇರ ಡಾಕ್ಟರ ಕೋಣೆಗೆ ಹೋಗಿ, ಎಣ್ಣೆ, ಜೇನುಮೇಣ, ಮೂರು ಸಂಜೆ, ಎಲ್ಲ ಹೇಳಿದಳು. ಹೇಳುತ್ತ ಅತ್ತಳು. ಡಾಕ್ಟರು ಪೂರಾ ಕೇಳಿದರು. ಆಮೇಲೆ ನಕ್ಕರು. ಮನಸ್ಸು ತುಂಬಿ ನಕ್ಕರು.

"ಔಡಲೆಣ್ಣಿ! ಅಲ್ರೀ ಮಾಶಾಬಿ, ಬ್ಯಾರೆ ಕಡೆ ಮೂರ ತಿಂಗಳಿಗೆ ಪಟ್ಟಿ ಬೀಳ್ತಾವು, ನಂದ್ಯಾಕ ಬಿದ್ದಿಲ್ಲ ಅಂತ ನಾನೂ ವಿಚಾರ ಮಾಡಾಕತ್ತಿದ್ದೆ. ಎಷ್ಟ ಚಲೋ ಕೆಲಸ ಮಾಡೀರಿ ನೋಡ್ರಿ. ಒಂದ ಮರಿ ದೊಡ್ಡದಾಗಿ ಅವ್ವನ್ನ ಬಿಟ್ಟ ಹೋಗೋತನಕದ ದಾರಿ ಪೂರಾ ನನ್ನ ಹತ್ರ ಅದ. ಈ ಸೀಮ್ಯಾಗ ಯಾರ ಹತ್ರಾನೂ ಇಲ್ಲ."

"ಅದರ ಕೊರಳ ಕೊಯ್ಯಾಕತ್ತೇತ್ರಿ ಸಾಹೇಬ್ರ. ಹಿಡದು ಬಿಚ್ಚೂಣು ನಡೀರಿ."

"ಬೋನ ಹಾಕೋ ಪರವಾನಗಿ ಮುಗದದ. ಮತ್ತ ಬ್ಯಾಟರಿ ಇನ್ನ ಎಂಟ ತಿಂಗಳ ಬರ್ತದ. ನಾವು ನೋಡೋರು ಮಾಶಾಬಿ, ನಡುವ ಕೈ ಹಾಕೋರಲ್ಲ."

"ಕಟ್ಟುವಾಗ ಕೈ ಹಾಕೀವಲ್ರಿ?"

ಡಾಕ್ಟರು ಲ್ಯಾಪ್‌ಟಾಪಿನ ಕಡೆ ತಿರುಗಿದರು. "ರೊಟ್ಟಿ ಆಗ್ಯಾವೇನ್ರಿ?" ಎಂದು ಕೇಳಿದರು. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತಾಡುವವರ ಹತ್ತಿರ ಜಗಳ ಕೂಡ ಆಗುವುದಿಲ್ಲ. ಮಾಶಾಬಿ ಒಲೆಯ ಮುಂದೆ ಹೋಗಿ ಕೂತಳು.

ಆಷಾಢದ ಹೊತ್ತಿಗೆ ಸಣ್ಣಾಕಿ ಬೇಟೆ ಬಿಟ್ಟಳು. ಕೊರಳು ಬಾಗಿಸಲಾಗದ ತೋಳ ಮೊಲದ ಹಿಂದೆ ಎಲ್ಲಿ ಓಡೀತು? ಹಿಂಡು ಅವಳನ್ನು ಬಿಟ್ಟು ಬಬಲೇಶ್ವರದ ಕಡೆ ಸರಿದುಹೋಯಿತು. ಶೆಡ್ಡಿನ ಹಿಂದಿನ ಕಸದ ಗುಂಡಿಯ ಹತ್ತಿರ ಒಂದು ಸಂಜೆ ಮಾಶಾಬಿ ಅವಳನ್ನು ಕಂಡಳು. ಒಳಗೆ ಡಾಕ್ಟರು ತಟ್ಟೆ ಬಾರಿಸುತ್ತಿದ್ದರು. ಆ ಸಪ್ಪಳವಾದ ಮೇಲೆ ಸ್ವಲ್ಪ ಹೊತ್ತಿಗೆ ಗುಂಡಿಗೆ ಕೋಳಿಯ ಮೂಳೆ ಬೀಳುತ್ತದೆ ಎಂದು ತೋಳ ಕಲಿತುಬಿಟ್ಟಿತ್ತು. ಗಾಳಿ ಬೀಸಿದಾಗ ಕೊಳೆತ ವಾಸನೆ ಬಂತು. ಅದು ಗುಂಡಿಯದ್ದಲ್ಲ, ಸಣ್ಣಾಕಿಯ ಕೊರಳಿನದ್ದು.

ಮರುದಿನದಿಂದ ಮಾಶಾಬಿ ತನ್ನ ಕೆಲಸ ತಾನೇ ಶುರು ಮಾಡಿದಳು. ಶೆಡ್ಡಿನಿಂದ ದೂರ, ಇಳಿಜಾರಿನಲ್ಲಿ, ಒಂದು ದೊಡ್ಡ ಕರಿಕಲ್ಲಿತ್ತು. ಸಂಜೆ ಹೊತ್ತು ಮುಳುಗುವ ಮೊದಲು ಅಲ್ಲಿ ಹೋಗಿ, ಹಳೆಯ ತಗಡಿನ ತಟ್ಟೆಗೆ ಚಮಚೆಯಿಂದ ಬಾರಿಸಿ, ಕೋಳಿಯ ಕರುಳು ಇಟ್ಟು ಬರುವಳು. ಮೊದಲ ವಾರ ಇಟ್ಟು ಹೊರಟಳು. ಎರಡನೆಯ ವಾರ ಐವತ್ತು ಹೆಜ್ಜೆ ದೂರ ಕೂತಳು. ಶ್ರಾವಣ ಬಂತು, ಭಾದ್ರಪದ ಬಂತು. ಐವತ್ತು ಹೆಜ್ಜೆ ಹತ್ತಾಯಿತು. ಸಣ್ಣಾಕಿ ತಿಂದಾದ ಮೇಲೂ ಹೋಗದೆ ಬಾಲ ಇಳಿಬಿಟ್ಟು ಅಲ್ಲೇ ಕೂರಲು ಕಲಿತಳು. ಕೊರಳ ಗಾಯದಲ್ಲಿ ಹುಳು ಆಡುವುದು ಹತ್ತು ಹೆಜ್ಜೆಯಿಂದ ಕಾಣುತ್ತಿತ್ತು. ಹತ್ತಿಯ ತುಂಡು ಮಾತ್ರ ಹೊಸದರಂತೆ ಮಿರಮಿರ ಮಿಂಚುತ್ತಿತ್ತು.

"ಹಿಡದು ಕತ್ತರಿಸಬೇಕ ಸಂಗ್ಯಾ," ಎಂದಳು ಒಂದು ದಿನ. "ನೀ ಬರ್ತಿ, ಇಲ್ಲಾ ನಾ ಒಬ್ಬಾಕಿನ ಹೋಗ್ಲಿ?"

ಸಂಗನಬಸವ ತಲೆ ಕೆರೆದುಕೊಂಡ. "ಡಾಕ್ಟರಿಗೆ ಗೊತ್ತಾದ್ರ ನನ್ನ ಕೆಲಸ ಹೋಗತೈತಿ ಬೇ."

"ನಿನ್ನ ಕೆಲಸ ಹೋದ್ರ ಇನ್ನೊಂದ ಸಿಗತೈತಿ. ಅದರ ಕೊರಳ ಹೋದ್ರ?"

ಅವನು ಬರುತ್ತೇನೆಂದ. ಡಾಕ್ಟರು ವಿಜಯಪುರದಲ್ಲಿರುವ ಭಾನುವಾರ ಎಂದು ಗೊತ್ತು ಮಾಡಿಕೊಂಡರು. ಮಡ್ಡಿಯ ಬುಡದಲ್ಲಿ ಬಸಗೊಂಡಪ್ಪನ ದ್ರಾಕ್ಷಿ ತೋಟ. ಕೇಂದ್ರಕ್ಕೆ ಕುಡಿಯುವ ನೀರು ಕೊಡುತ್ತಿದ್ದವನೂ ಅವನೇ. ಹಣ್ಣಿನ ಕಾಲದಲ್ಲಿ ಹಕ್ಕಿಗಳಿಗೆ ಅಡ್ಡ ಕಟ್ಟಿದ್ದ ಹಳೆಯ ಬಲೆಯೊಂದನ್ನು ಮಾಶಾಬಿ ಅವನ ಹತ್ತಿರ ಕೇಳಿ ತಂದಳು, ಕೋಳಿಗೂಡಿಗೆ ಬೇಕು ಎಂದು ಸುಳ್ಳು ಹೇಳಿ. ದ್ರಾಕ್ಷಿ ಬಳ್ಳಿ ಸವರಿ ಚಾಟ್ನಿ ಮಾಡುವ ಕತ್ತರಿಯನ್ನೂ ತಂದಳು. ಬೆರಳು ಗಾತ್ರದ ಬಳ್ಳಿಯನ್ನು ಒಂದೇ ಏಟಿಗೆ ಕತ್ತರಿಸುವ ಕತ್ತರಿ. ಅದನ್ನು ಕಲ್ಲಿಗೆ ತಿಕ್ಕಿ ಹರಿತ ಮಾಡಿ, ಸೆರಗಿನಲ್ಲಿ ಸುತ್ತಿಟ್ಟುಕೊಂಡಳು.

ಭಾನುವಾರ ಅವರಿಬ್ಬರೂ ಬೇಗನೇ ಕರಿಕಲ್ಲಿಗೆ ಹೋದರು. ಬಲೆ ಹರಡುವುದು ಅಂದುಕೊಂಡಷ್ಟು ಸುಲಭವಾಗಲಿಲ್ಲ. ಅದು ಜಾಲಿ ಮುಳ್ಳಿಗೆ ಸಿಕ್ಕಿತು. ಬಿಡಿಸಿದರೆ ಇನ್ನೊಂದು ಕಡೆ ಸಿಕ್ಕಿತು. ದಿನವೂ ತಟ್ಟೆ ಬಾರಿಸುವ ಹೊತ್ತು ಬಂದು ದಾಟಿತು. ಬಲೆ ಸಿದ್ಧವಾಗದೆ ಬಾರಿಸುವಂತಿಲ್ಲ.

"ಬಂತ ಚಾಚಿ," ಎಂದ ಸಂಗನಬಸವ ಉಸಿರಿನಲ್ಲಿ.

ಸಣ್ಣಾಕಿ ಹಳ್ಳ ದಾಟಿ ಇಳಿಜಾರಿನ ನಡುವೆ ನಿಂತಿದ್ದಳು. ಹೊಟ್ಟೆ ಬೆನ್ನಿಗೆ ಹತ್ತಿತ್ತು. ತಟ್ಟೆಯ ಸಪ್ಪಳಕ್ಕೆ ಕಾಯುತ್ತಿದ್ದಳು. ಆಗ ಸಪ್ಪಳ ಬಂತು. ಟಣ್ ಟಣ್ ಟಣ್. ಮಾಶಾಬಿಯ ತಟ್ಟೆ ಕಂಕುಳಲ್ಲೇ ಇತ್ತು. ಸಪ್ಪಳ ಬಂದದ್ದು ಕೆಳಗಿನಿಂದ, ಬಸಗೊಂಡಪ್ಪನ ತೋಟದ ಮನೆಯಿಂದ. ಅವನ ಸೊಸೆ ಸೌಭಾಗ್ಯ ಅಂಗಳದಲ್ಲಿ ಕೂಸನ್ನು ಆಡಲು ಬಿಟ್ಟು, ತಟ್ಟೆ ಬಡಿದು ಕೋಳಿಗಳನ್ನು ಗೂಡಿಗೆ ಕರೆಯುತ್ತಿದ್ದಳು.

ಸಣ್ಣಾಕಿಯ ಕಿವಿ ಆ ಕಡೆ ಹೊರಳಿದವು.

ಮಾಶಾಬಿ ಬಲೆ ಬಿಟ್ಟು ತನ್ನ ತಟ್ಟೆ ಬಾರಿಸಿದಳು. ಚಮಚೆ ಮುರಿಯುವಷ್ಟು ಜೋರಾಗಿ ಬಾರಿಸಿದಳು. ತೋಳ ಇತ್ತ ನೋಡಿತು, ಅತ್ತ ನೋಡಿತು. ಇಲ್ಲಿ ಇಂದು ಗಂಡಸಿನ ಬೆವರಿನ ವಾಸನೆ ಇತ್ತು, ಗೊತ್ತಿಲ್ಲದ ಬಲೆಯ ವಾಸನೆ ಇತ್ತು. ಅಲ್ಲಿ ಬರೀ ತಟ್ಟೆಯ ಸಪ್ಪಳ. ಸಣ್ಣಾಕಿ ತಲೆ ತಗ್ಗಿಸಿ, ಅವಸರವಿಲ್ಲದೆ, ಕೆಳಗೆ ಇಳಿದು ಹೋದಳು.

"ಏ ಸೌಭಾಗ್ಯಾ! ತಟ್ಟಿ ಬಿಡ! ಕೂಸನ್ನ ಎತ್ಕೊ!" ಮಾಶಾಬಿ ಕೂಗುತ್ತ ಓಡಿದಳು. ಗಾಳಿ ಎದುರಿನಿಂದಿತ್ತು. ಐವತ್ತು ದಾಟಿದ ಮೊಣಕಾಲು, ಕೆಳಗೆ ಮಗುಚುವ ಕಲ್ಲು. ಎರಡು ಸಲ ಬಿದ್ದಳು. ಎರಡನೆಯ ಸಲ ಬಿದ್ದಾಗ ಕೆಳಗಿನಿಂದ ಸೌಭಾಗ್ಯ ಚೀರಿದ್ದು ಕೇಳಿತು. ಹಿಂದೆಯೇ ಗಂಡಸರ ಕೂಗು. ಚಾಟ್ನಿಯ ಕಾಲ, ತೋಟದಲ್ಲಿ ಹನ್ನೆರಡು ಆಳು ಇದ್ದರು.

ಅವಳು ತಲುಪುವಾಗ ಎಲ್ಲ ಮುಗಿದಿತ್ತು. ಮುಗಿದಿತ್ತು ಎಂದರೆ ಸತ್ತಿತ್ತು ಎಂದಲ್ಲ. ಹಿಂಗಾಲು ಎರಡೂ ಮುರಿದಿದ್ದವು, ಒಂದು ಕಣ್ಣು ಹೊರಗೆ ಬಂದಿತ್ತು, ಆದರೂ ಉಸಿರಿತ್ತು. ಒಬ್ಬ ಆಳು ಬಳ್ಳಿಯ ಆಸರೆಗೆ ನಿಲ್ಲಿಸುವ ಕಬ್ಬಿಣದ ಗೂಟದಿಂದ ಇನ್ನೂ ಕುಕ್ಕುತ್ತಿದ್ದ. ಇನ್ನೊಬ್ಬ ಮೊಬೈಲಿನಲ್ಲಿ ವಿಡಿಯೋ ತೆಗೆಯುತ್ತ, ಸ್ವಲ್ಪ ಸರಿ, ಮುಖ ಕಾಣವಲ್ದು ಎನ್ನುತ್ತಿದ್ದ. ಸೌಭಾಗ್ಯಳ ತಟ್ಟೆ ಅಂಗಳದಲ್ಲಿ ಬೋರಲು ಬಿದ್ದಿತ್ತು. ಮಾಶಾಬಿಯನ್ನು ಕಂಡು ಸಣ್ಣಾಕಿಯ ಬಾಲ ಒಂದು ಸಲ ನೆಲಕ್ಕೆ ಬಡಿಯಿತು. ಅದನ್ನು ಉಳಿದವರು ಯಾರೂ ನೋಡಲಿಲ್ಲ. ಅವಳು ನೋಡಿದಳು. ಆಮೇಲೆ ಗೂಟ ಇನ್ನೊಮ್ಮೆ ಬಿತ್ತು.

ಬಸಗೊಂಡಪ್ಪ ಮೊಮ್ಮಗನನ್ನು ಎದೆಗೆ ಅಪ್ಪಿಕೊಂಡು ನಿಂತಿದ್ದ. "ಕೂಸಿನ ಮುಂದ ನಾಯಿಗತೆ ಬಂದು ಕುಂತಿತ್ತವ್ವಾ! ಹೊಡದ್ರೂ ಓಡಲಿಲ್ಲ. ತೋಳಾಗಿ ಮನಷ್ಯಾರಿಗೆ ಅಂಜಲಿಲ್ಲಂದ್ರ ಇದಕ್ಕ ಯಾವನೋ ರೂಢಿ ಹಾಕ್ಯಾನ. ಸಿಗಲಿ ಅವ ನನ್ನ ಕೈಯಾಗ. ಇದೇ ಗೂಟದಿಂದ ಅವನ ತಲಿ ಒಡೀತೇನಿ."

ಹನ್ನೆರಡೂ ಜನ ಹೌದೆಂದರು. ಹಿಂದೆ ಬಂದು ನಿಂತ ಸಂಗನಬಸವ ನೆಲ ನೋಡಿದ. ಮಾಶಾಬಿ ಮಾತಾಡಲಿಲ್ಲ. ಹುಟ್ಟಿ ಬೆಳೆದ ಊರು. ನಾಳೆ ಇವರ ಬಾವಿಯ ನೀರನ್ನೇ ಕುಡಿಯಬೇಕು, ಇವರ ಹೊಲದ ಬದುವಿನಲ್ಲೇ ನಡೆಯಬೇಕು. ಅವಳು ಮಂಡಿಯೂರಿ ಕೂತು ಸೆರಗಿನಿಂದ ಕತ್ತರಿ ತೆಗೆದಳು. ಪಟ್ಟಿಯನ್ನು ಮಾಂಸದೊಳಗಿನಿಂದ ಬೆರಳಲ್ಲಿ ಬಿಡಿಸಬೇಕಾಯಿತು. ಹದಿನಾಲ್ಕು ತಿಂಗಳು ಬೀಳದ ಹತ್ತಿ ಒಂದೇ ಏಟಿಗೆ ಕಟ್ ಎಂದು ತುಂಡಾಯಿತು. ಔಡಲ ಎಣ್ಣೆಯ ವಾಸನೆ ಇನ್ನೂ ಇತ್ತು.

ಸೋಮವಾರ ಬೆಳಿಗ್ಗೆ ಡಾಕ್ಟರು ಬಂದು ಪಟ್ಟಿಯನ್ನು ನೋಡಿದರು. ಡಬ್ಬಿಗೆ ಏನೂ ಆಗಿರಲಿಲ್ಲ. ಅದಕ್ಕೊಂದು ತಂತಿ ಸಿಕ್ಕಿಸಿ, ಮಾಹಿತಿಯೆಲ್ಲ ಸುರಕ್ಷಿತವಾಗಿದೆ ಎಂದು ತಿಳಿದ ಮೇಲೆ ಉಸಿರು ಬಿಟ್ಟರು. ಆಮೇಲೆ ಮಾಶಾಬಿಯನ್ನು ಕರೆದು, ಬಾಗಿಲು ಮುಂದೆ ಮಾಡಿ, ಕುರ್ಚಿ ಎಳೆದು ಕೂರಿಸಿದರು. ಇಷ್ಟು ದಿನದಲ್ಲಿ ಅವಳನ್ನು ಆ ಕುರ್ಚಿಯಲ್ಲಿ ಕೂರಿಸಿದ್ದು ಅದೇ ಮೊದಲು.

ಲ್ಯಾಪ್‌ಟಾಪಿನಲ್ಲಿ ಒಂದು ಫೋಟೋ ಇತ್ತು. ಕರಿಕಲ್ಲು, ತಟ್ಟೆ ಹಿಡಿದ ಮಾಶಾಬಿ, ಹತ್ತು ಹೆಜ್ಜೆಯಲ್ಲಿ ತೋಳ. ಡಾಕ್ಟರು ಬೆರಳು ಒತ್ತಿದರು, ಇನ್ನೊಂದು. ಮತ್ತೊಂದು. ಅರವತ್ತಕ್ಕೂ ಹೆಚ್ಚಿದ್ದವು.

"ಅಲ್ಲೊಂದು ಕ್ಯಾಮೆರಾ ಇಟ್ಟಿದ್ದೆ. ಮೊದಲ ದಿನದಿಂದ ನೋಡಾಕತ್ತೀನ್ರಿ," ಎಂದರು. "ನಿಲ್ಲಸಬೇಕು ಅನಿಸ್ತು. ಆದ್ರ ಕಾಡಿನ ತೋಳ ಎಷ್ಟ ದಿನದಾಗ ಮನುಷ್ಯಾರಿಗೆ ಒಗ್ಗತದ ಅನ್ನೋದೂ ಒಂದು ಅಧ್ಯಯನ ಆಗ್ತದಲ್ಲ ಅಂತ ಬಿಟ್ಟೆ."

ನೋಡುತ್ತಿದ್ದರು. ಹುಳು ನೋಡಿದ್ದರು, ಗಾಯ ನೋಡಿದ್ದರು, ಸೆರಗಿನೊಳಗಿನ ಕತ್ತರಿಯನ್ನೂ ಊಹಿಸಿದ್ದರೇನೋ. ಶನಿವಾರ ಸಂಜೆ ಹೋಗಿಬರುತ್ತೇನ್ರಿ ಎಂದು ನಗುತ್ತಲೇ ಹೇಳಿ ಹೋಗಿದ್ದರು.

"ಊರಾಗಿನವರಿಗೆ ಈ ಫೋಟೋ ಯಾಕ ತೋರಸಬೇಕ್ರಿ? ಬಸಗೊಂಡಪ್ಪ ಸಿಟ್ಟಿನ ಮನುಷ್ಯ. ನೀವು ನಮ್ಮವರು." ಡಾಕ್ಟರು ಒಂದು ಕಾಗದ ಮುಂದೆ ಸರಿಸಿದರು. "ಇಷ್ಟಕ್ಕ ಒಂದ ಸಹಿ ಮಾಡ್ರಿ. ಅಡಗಿ ಹೆಣಮಗಳು ತನ್ನ ಮನಸ್ಸಿಲೆ ಪಟ್ಟಿಗೆ ಎಣ್ಣಿ ಹಚ್ಚಿದ್ಲು, ಅದು ಯಾರಿಗೂ ಗೊತ್ತಿರಲಿಲ್ಲ, ಅದಕ್ಕ ಪಟ್ಟಿ ಬೀಳಲಿಲ್ಲ ಅಂತ ಬರದೀನಿ. ಸುಳ್ಳೇನಿಲ್ಲಲ್ಲ?"

ಸುಳ್ಳೇನಿರಲಿಲ್ಲ. ಗೊತ್ತಾದ ಮೇಲೆ ಆರು ತಿಂಗಳು ಯಾರು ಸುಮ್ಮನಿದ್ದರು ಎಂಬುದೊಂದು ಆ ಕಾಗದದಲ್ಲಿರಲಿಲ್ಲ, ಅಷ್ಟೇ. ಕೋಳಿಯನ್ನು ಕೇಳಿ ಮಸಾಲೆ ಅರೆಯುವವರು ಯಾರು? ಡಾಕ್ಟರು ಪೆನ್ನಿನ ಮುಚ್ಚಳ ತಾವೇ ತೆಗೆದುಕೊಟ್ಟರು. ಅವಳು ಸಾಲಿಯಲ್ಲಿ ಕಲಿತಷ್ಟು ಅಕ್ಷರದಲ್ಲಿ ಮಾಶಾಬಿ ಎಂದು ಬರೆದಳು.

"ಕೆಲಸ ಬಿಡೋದೇನ ಬ್ಯಾಡ್ರಿ ಮತ್ತ," ಎಂದರು ಡಾಕ್ಟರು ಕಾಗದ ಮಡಚುತ್ತ. "ನಿಮ್ಮ ಕೈ ನಮಗ ಬೇಕು."

ಸಂಗನಬಸವ ಆ ತಿಂಗಳೇ ಕೆಲಸ ಬಿಟ್ಟು ತಿಕೋಟಾದಲ್ಲಿ ಯಾರದೋ ಟೆಂಪೋ ಓಡಿಸಲು ಹೋದ. ಹೋಗುವಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು, ನೀನೂ ಬಾ ಚಾಚಿ ಎಂದ. ಎಲ್ಲಿಗೆ ಬರುವುದು? ಫೋಟೋಗಳು ಇಲ್ಲಿದ್ದವು. ಫೋಟೋ ಇದ್ದಲ್ಲಿ ಅವಳೂ ಇರಬೇಕು. ಮನೆಯಲ್ಲಿ ಅವಳೀಗ ಕೋಳಿಗಳನ್ನು ಬಾಯಿಂದಲೇ ಕರೆಯುತ್ತಿದ್ದಳು. ತಗಡಿನ ತಟ್ಟೆಯನ್ನು ಬಾವಿಗೆ ಎಸೆದಿದ್ದಳು.

ಮತ್ತೊಂದು ಶ್ರಾವಣ ಬಂತು. ಹೊಸ ಪರವಾನಗಿ ಬಂತು. ಪೆಟ್ಟಿಗೆಯೂ ಬಂತು, ಒಂದಲ್ಲ, ಮೂರು ಪಟ್ಟಿ. ಮರಿಯ ದಾರಿಯನ್ನು ಅಷ್ಟು ದಿನ ಹಿಂಬಾಲಿಸಿದ ವರದಿಗೆ ಎಲ್ಲೆಲ್ಲೋ ಹೊಗಳಿಕೆ ಸಿಕ್ಕಿತ್ತಂತೆ. ಗೋಡೆಯ ಮೇಲೆ ಡಾಕ್ಟರು ಶಾಲು ಹೊದ್ದು ನಿಂತ ಫೋಟೋ ಬಂದಿತ್ತು.

ಮತ್ತೊಂದು ಮರಿ ಬೋನಿಗೆ ಬೀಳುವುದಕ್ಕೆ ಮೂರು ಸಂಜೆ ಮೊದಲು ಡಾಕ್ಟರು ಅಡುಗೆಮನೆಗೆ ಬಂದರು. ಪಟ್ಟಿಯನ್ನು ಕಟ್ಟೆಯ ಮೇಲಿಟ್ಟು, ಪಕ್ಕದಲ್ಲಿ ಒಂದು ಬಾಟಲಿ ಇಟ್ಟರು. ಔಡಲ ಎಣ್ಣೆ. ಗಾಂಧಿ ಚೌಕದ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು.

"ನಿಮ್ಮ ಪದ್ಧತಿ ಪ್ರಕಾರ ಮಾಡ್ರಿ," ಎಂದರು. "ನಾ ಹೇಳೀನಿ ಅಂತ ಏನಿಲ್ಲ ಮತ್ತ."

ಏನಿಲ್ಲ, ಸರಿ. ನಾಳೆ ಏನಾದರೂ ಆದರೆ ಎಣ್ಣೆ ಹಚ್ಚುವ ಚಟ ಯಾರದು ಎಂದು ಹೇಳಲು ಸಹಿ ಮಾಡಿದ ಕಾಗದ ಆಗಲೇ ಕಪಾಟಿನಲ್ಲಿದೆ. ಮಾಶಾಬಿಗೆ ಅದು ಚೆನ್ನಾಗಿ ತಿಳಿಯಿತು. ತಿಳಿದು ಏನು ಬಂತು? ಅವಳು ಬಾಟಲಿಯ ಮುಚ್ಚಳ ತೆಗೆದಳು. ಮೂರು ಸಂಜೆ ತಿಕ್ಕಿದಳು. ನಾಲ್ಕನೆಯ ಬೆಳಿಗ್ಗೆ ಮರಿಯ ಬಿಸಿ ಕೊರಳು ಹಿಡಿದು ಪಟ್ಟಿ ಸುತ್ತಿದಳು. ನಾಲ್ಕು ಬೆರಳು ಸಡಿಲ ಬಿಟ್ಟಳು. ಡಾಕ್ಟರು ಬಗ್ಗಿ, ತಮ್ಮ ಬೆರಳು ತೂರಿಸಿ ನೋಡಿ, ಎರಡು ತೂತು ಒಳಗೆಳೆದು ತಾವೇ ಬಿಗಿದರು.

"ಎರಡ ಬೆರಳ್ರಿ ಮಾಶಾಬಿ," ಎಂದರು. "ಮರೀಬ್ಯಾಡ್ರಿ."

ಮರಿ ಎದ್ದು, ತೂರಾಡಿ, ಪಟ್ಟಿಯನ್ನು ಹಿಂಗಾಲಿನಿಂದ ಎರಡು ಸಲ ಕೆರೆದುಕೊಂಡು, ಹುಲ್ಲಿನೊಳಗೆ ಹೋಯಿತು. ಮಾಶಾಬಿ ನೋಡಲಿಲ್ಲ. ಅಡುಗೆಮನೆಗೆ ಬಂದು ಕೈ ತೊಳೆದಳು. ಎಷ್ಟು ತೊಳೆದರೂ ಎಣ್ಣೆ ಜಿಡ್ಡು ಹೋಗಲಿಲ್ಲ. ಜಿಡ್ಡುಗೈಯಿಂದಲೇ ಹಿಟ್ಟು ನಾದಿ, ರೊಟ್ಟಿ ಬಡಿದು, ಬುಟ್ಟಿಯಲ್ಲಿ ಹಾಕಿ ಮುಚ್ಚಿ ಕೂತಳು. ಹೊರಗೆ ಕುರ್ಚಿ ಎಳೆದ ಸದ್ದಾಯಿತು.

ಡಾಕ್ಟರು ತಟ್ಟೆ ಬಾರಿಸಿದರು. ಟಣ್ ಟಣ್.

ಮಾಶಾಬಿ ಎದ್ದು ಹೋದಳು.